ಗತಿತರ್ಕ ಮತ್ತು ಮಿಲ್ಲಿನ ಬೀದಿ: ಊರು-ಕೇರಿಯ ದ್ವಂದ್ವವನ್ನು ಕುರಿತು

1

ಮಾರ್ಕ್ಸ್‌ವಾದದ ಬಗ್ಗೆ ದಲಿತ ಹುಡುಗರ ನಡುವೆ ಚರ್ಚೆ ಶುರುವಾದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: 'ಗತಿತರ್ಕ, ಗತಿತರ್ಕ ಅಂತೀರಲ್ಲ, ಅದರಲ್ಲಿ ನಮ್ಮ ಕೇರಿ ಎಲ್ಲಿದೆ ಹೇಳಿ ಸಾರ್?'

ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಶ್ರೀರಾಂಪುರದ ಒಂದು ಬಾಡಿಗೆ ಕೋಣೆಯಲ್ಲಿ. ಭಾನುವಾರಗಳಂದು ಅಲ್ಲಿ ಅಧ್ಯಯನ ಕೂಟ ನಡೆಯುತ್ತಿತ್ತು. ಚಾಪೆಯ ಮೇಲೆ ಹತ್ತು ಹನ್ನೆರಡು ಜನ, ನಡುವೆ ಅಗ್ಗದ ಸೋವಿಯತ್ ಪುಸ್ತಕಗಳು, ಬೈಟು ಟೀ. ಪಾಠ ಹೇಳುತ್ತಿದ್ದ ಹಿರಿಯ ಸಂಗಾತಿ ಒಳ್ಳೆಯವರು, ಹೋರಾಟದಲ್ಲಿ ಜೈಲು ಕಂಡವರು. ಆ ದಿನ ಅವರು ನೀರು ಕಾಯಿಸುವ ಉದಾಹರಣೆ ಕೊಟ್ಟರು. ನೀರಿನ ಬಿಸಿ ಡಿಗ್ರಿ ಡಿಗ್ರಿಯಾಗಿ ಏರುತ್ತದೆ, ನೀರು ನೀರಾಗಿಯೇ ಇರುತ್ತದೆ. 100 ಡಿಗ್ರಿ ಮುಟ್ಟಿದ ಕೂಡಲೇ ಆವಿಯಾಗುತ್ತದೆ. ಪ್ರಮಾಣದ ಬದಲಾವಣೆ ಗುಣದ ಬದಲಾವಣೆಯಾಗುವುದು ಹೀಗೆ, ಸಮಾಜ ಬದಲಾಗುವುದೂ ಹೀಗೆ ಎಂದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗ, ಅವನ ತಾಯಿ ರಸ್ತೆ ಗುಡಿಸುವವರು, ಮೆಲ್ಲಗೆ ಕೇಳಿದ: 'ಆ ನೀರು ಯಾವ ಬಾವೀದು ಸಾರ್? ನಮ್ಮೂರಲ್ಲಿ ಕಾಯಿಸೋಕ್ಕೆ ಮುಂಚೆ ಮುಟ್ಟೋಕ್ಕೆ ಬಿಡಬೇಕಲ್ಲ.'

ಎಲ್ಲರೂ ನಕ್ಕರು. ಸಂಗಾತಿಯೂ ನಕ್ಕು, 'ಜಾತಿ ಅನ್ನೋದು ಮೇಲ್ರಚನೆ ಕಣಪ್ಪಾ, ತಳಹದಿ ಬದಲಾದರೆ ಅದೂ ತಾನಾಗಿ ಬದಲಾಗುತ್ತೆ' ಎಂದರು. ಹುಡುಗ ಮುಂದಿನ ಭಾನುವಾರ ಬರಲಿಲ್ಲ. ಅವನ ಹಾಗೆ ಎದ್ದುಹೋದವರಲ್ಲಿ ಹಲವರು ಗತಿತರ್ಕ ಎಂಬುದೇ ಮೇಲುಜಾತಿಯವರ ಹೊಸ ಶಾಸ್ತ್ರ ಎಂದು ತೀರ್ಮಾನಿಸಿದರು. ಕೂತು ಉಳಿದವರಲ್ಲಿ ಹಲವರು ಜಾತಿಯ ಮಾತೆತ್ತದೆ ಮಾರ್ಕ್ಸ್‌ವಾದಿಗಳಾದರು. ಇಬ್ಬರಿಗೂ ನಷ್ಟವಾಯಿತು. ಈ ಬರಹದ ವಾದ ಇಷ್ಟೆ: ಆ ಕೋಣೆಯಲ್ಲಿ ಅವತ್ತು ಗತಿತರ್ಕದ ಕೆಲಸವನ್ನು ನಿಜವಾಗಿ ಮಾಡಿದವನು ಪ್ರಶ್ನೆ ಕೇಳಿದ ಹುಡುಗ. ಇದನ್ನು ತೋರಿಸುವುದಕ್ಕೆ ಮೊದಲು ಆ ಪದದ ಹತ್ತಿರ ಹೋಗಬೇಕು, ಆಮೇಲೆ ನಮ್ಮ ಬೆಂಗಳೂರಿನ ಪಶ್ಚಿಮದ ಬೀದಿಗಳ ಹತ್ತಿರ.

2

ಡಯಲೆಕ್ಟಿಕ್ಸ್ ಎಂಬ ಪದದ ಬೇರು ಗ್ರೀಕಿನಲ್ಲಿದೆ. ಮಾತುಕತೆ, ಸಂವಾದ ಎಂಬುದು ಅದರ ಹಳೆಯ ಅರ್ಥ. ಒಬ್ಬ ಒಂದು ಮಾತು ಹೇಳುತ್ತಾನೆ, ಇನ್ನೊಬ್ಬ ಆ ಮಾತಿನೊಳಗೇ ಇರುವ ವಿರೋಧವನ್ನು ಎತ್ತಿ ತೋರಿಸುತ್ತಾನೆ, ಇಬ್ಬರೂ ಮೊದಲು ನಿಂತಿದ್ದ ಜಾಗದಿಂದ ಕದಲುತ್ತಾರೆ. ಇಬ್ಬರೂ ಮಾತಾಡಿದರೆ ಮಾತ್ರ ಇದು ಸಾಧ್ಯ. ಒಬ್ಬನೇ ಮಾತಾಡಿ ಇನ್ನೊಬ್ಬ ಕೈಕಟ್ಟಿ ನಿಂತಿದ್ದರೆ ಅದು ಅಪ್ಪಣೆ.

ಹೆಗೆಲ್ (1770–1831) ಈ ಚಲನೆಯನ್ನು ಇಬ್ಬರ ಮಾತಿನಿಂದ ಎತ್ತಿ ಚರಿತ್ರೆಯೊಳಗೇ ಇಟ್ಟ. ಯಾವುದೂ ಇದ್ದ ಹಾಗೇ ಇರುವುದಿಲ್ಲ, ಪ್ರತಿಯೊಂದೂ ತನ್ನೊಳಗಿನ ವೈರುಧ್ಯದಿಂದಲೇ ಬೇರೊಂದಾಗುತ್ತದೆ ಎಂದ. ಆದರೆ ಅವನ ಪ್ರಕಾರ ಚಲಿಸುವುದು ಮೂಲತಃ ಚಿಂತನೆ, ಪರಮ ಚೈತನ್ಯ. 'ಬಂಡವಾಳ'ದ ಮೊದಲ ಸಂಪುಟ ಬಂದದ್ದು 1867ರಲ್ಲಿ. ಅದರ ಎರಡನೆಯ ಜರ್ಮನ್ ಆವೃತ್ತಿಗೆ 1873ರಲ್ಲಿ ಬರೆದ ಮಾತಿನಲ್ಲಿ ಮಾರ್ಕ್ಸ್, ಹೆಗೆಲನ ಗತಿತರ್ಕ ತಲೆಕೆಳಗಾಗಿ ನಿಂತಿದೆ, ಅದನ್ನು ತಿರುಗಿಸಿ ನಿಲ್ಲಿಸಬೇಕು ಎಂಬ ಅರ್ಥದ ಮಾತಾಡಿದ. ಚಲಿಸುವುದು ಮೊದಲು ಮನುಷ್ಯರ ಬದುಕು: ಅವರ ದುಡಿಮೆ, ಅವರು ದುಡಿಯುವಾಗ ಒಬ್ಬರಿಗೊಬ್ಬರು ಕಟ್ಟಿಕೊಳ್ಳುವ ಸಂಬಂಧ. ವಿಚಾರ ಅದರೊಳಗಿಂದ ಹುಟ್ಟಿ ಮತ್ತೆ ಅದನ್ನೇ ಬದಲಿಸುತ್ತದೆ. ಮಾರ್ಕ್ಸನ ಗತಿತರ್ಕದ ತಿರುಳು ಇದು. ಮೂರು ನಿಯಮಗಳ ಪಟ್ಟಿಯಾಗಿ ಅದು ಪ್ರಸಿದ್ಧವಾದದ್ದು ಎಂಗೆಲ್ಸನ ಬರಹಗಳಿಂದ: ಪ್ರಮಾಣ ಗುಣವಾಗುವುದು, ವಿರುದ್ಧಗಳ ಐಕ್ಯ ಮತ್ತು ಸಂಘರ್ಷ, ನಿರಾಕರಣೆಯ ನಿರಾಕರಣೆ. ಸ್ಟಾಲಿನ್ 1938ರಲ್ಲಿ ಬರೆದ ಪಠ್ಯದಲ್ಲಿ ಮೂರನೆಯದನ್ನು ಕೈಬಿಟ್ಟ. ಸಂವಾದವಾಗಿ ಹುಟ್ಟಿದ್ದು ಬಾಯಿಪಾಠವಾಗಿ ನಮ್ಮ ಚಾಪೆಯ ಮೇಲೆ ಬಂದು ಕೂತದ್ದು ಹೀಗೆ.

ಕನ್ನಡದಲ್ಲಿ ಈ ಪದಕ್ಕೆ ಗತಿತರ್ಕ ಎಂದರು, ದ್ವಂದ್ವಮಾನ ಎಂದರು, ವಿರೋಧವಿಕಾಸ ಎಂದರು. 'ದ್ವಂದ್ವ' ಎಂಬ ಮಾತು ನಮಗೆ ಶಾಲೆಯಲ್ಲೇ ಗೊತ್ತು. ದ್ವಂದ್ವ ಸಮಾಸದಲ್ಲಿ ಎಲ್ಲ ಪದಗಳ ಅರ್ಥವೂ ಸಮಾನವಾಗಿ ಮುಖ್ಯ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು: ಗಿಡಮರ, ಕೆರೆಕಟ್ಟೆ. ಆ ಲೆಕ್ಕದಲ್ಲಿ 'ಊರುಕೇರಿ' ಕೂಡ ದ್ವಂದ್ವ ಸಮಾಸ. ವ್ಯಾಕರಣದಲ್ಲಿ ಊರೂ ಕೇರಿಯೂ ಸರಿಸಮ. ಬದುಕಿನಲ್ಲಿ? ಸಿದ್ದಲಿಂಗಯ್ಯನವರು ತಮ್ಮ ಆತ್ಮಕಥೆಗೆ ಈ ಹೆಸರನ್ನೇ ಇಟ್ಟರು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ ಇದೇ ಶ್ರೀರಾಂಪುರದಲ್ಲಿ ಬೆಳೆದವರು ಅವರು.

ಊರು ಮತ್ತು ಕೇರಿ ಅಕ್ಕಪಕ್ಕದಲ್ಲಿರುವ ಎರಡು ಬೇರೆ ವಸ್ತುಗಳೆಂದು ನೋಡುವುದು ಗತಿತರ್ಕವಲ್ಲ. ಕೇರಿಯ ದುಡಿಮೆಯಿಂದಲೇ ಊರಿನ ಮಡಿ ನಡೆಯುತ್ತದೆ. ಸತ್ತ ದನ ಎತ್ತುವವನಿದ್ದರೆ ತಾನೇ ಊರು ಶುದ್ಧ? ಊರಿನ ಶುದ್ಧಿ ಎಂಬುದು ಕೇರಿಯ ಅಶುದ್ಧಿಯನ್ನು ಪ್ರತಿದಿನ ಹುಟ್ಟಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ, ಒಂದು ಇರುವವರೆಗೆ ಇನ್ನೊಂದಕ್ಕೆ ಬಿಡುಗಡೆಯಿಲ್ಲ. ಹಾಗಾಗಿ ಕೇರಿಯನ್ನು 'ಉದ್ಧಾರ' ಮಾಡಿ ಊರನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತೇವೆ ಎನ್ನುವ ಸುಧಾರಣೆ ಸಾಧ್ಯವಿಲ್ಲದ್ದು. ವಿರುದ್ಧಗಳ ಐಕ್ಯ ಮತ್ತು ಸಂಘರ್ಷ ಎಂದರೆ ಇದು. ಇದಕ್ಕೆ ನೀರು ಕಾಯಿಸಬೇಕಾಗಿಲ್ಲ.

ನೀರೇ ಬೇಕು ಎನ್ನುವುದಾದರೆ ವೃಷಭಾವತಿ ಇದೆ. ರಾಜಾಜಿನಗರ, ವಿಜಯನಗರಗಳ ಕೊಳಚೆಯನ್ನೆಲ್ಲ ತುಂಬಿಕೊಂಡು ಮೈಸೂರು ರಸ್ತೆಯ ಪಕ್ಕಕ್ಕೆ ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಹೋಗುವ ಹೊಳೆ ಅದು. ಒಂದೊಂದು ಮನೆಯ, ಒಂದೊಂದು ಕಾರ್ಖಾನೆಯ ನೀರು ಸೇರುತ್ತಾ ಸೇರುತ್ತಾ ಒಂದು ದಿನ ಹೊಳೆ ಹೋಗಿ ಮೋರಿಯಾಯಿತು. ಪ್ರಮಾಣ ಗುಣವಾಯಿತು. ಆದರೆ ಆ ಮೋರಿಯ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡವರು ಯಾರು, ಮಳೆ ಬಂದಾಗ ನೀರು ನುಗ್ಗುವುದು ಯಾರ ಮನೆಗೆ, ಕಟ್ಟಿಕೊಂಡ ಚರಂಡಿಗೆ ಇಳಿಯುವುದು ಯಾರು ಎಂದು ಕೇಳಿದ ಕೂಡಲೇ ನಿಯಮಕ್ಕೆ ಜಾತಿ ಬರುತ್ತದೆ.

3

ಈಗ ಚರಿತ್ರೆಗೆ ಬರೋಣ. 1853ರ ಜುಲೈನಲ್ಲಿ ಮಾರ್ಕ್ಸ್ ಅಮೆರಿಕದ ಒಂದು ಪತ್ರಿಕೆಗೆ ಭಾರತದ ಬಗ್ಗೆ ಒಂದು ಲೇಖನ ಬರೆದ. ಆ ವರ್ಷವೇ ಮುಂಬಯಿಯಲ್ಲಿ ಮೊದಲ ರೈಲು ಓಡಿತ್ತು. ರೈಲಿನಿಂದ ಹುಟ್ಟುವ ಆಧುನಿಕ ಕೈಗಾರಿಕೆ, ವಂಶಪಾರಂಪರ್ಯವಾದ ಶ್ರಮವಿಭಜನೆಯನ್ನು ಕರಗಿಸುತ್ತದೆ, ಭಾರತದ ಜಾತಿಗಳು ನಿಂತಿರುವುದು ಅದರ ಮೇಲೇ ಎಂದು ಅವನು ಬರೆದ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ಬ್ರಿಟನ್ನಿನಲ್ಲಿ ಕಾರ್ಮಿಕರು ಅಧಿಕಾರಕ್ಕೆ ಬರುವವರೆಗೆ ಅಥವಾ ಭಾರತೀಯರೇ ಪರರ ನೊಗ ಕಿತ್ತೆಸೆಯುವವರೆಗೆ ಇದರ ಫಲ ಅವರಿಗೆ ಸಿಗುವುದಿಲ್ಲ ಎಂದೂ ಅದೇ ಲೇಖನದಲ್ಲಿದೆ.

ರೈಲು ಬಂತು. ಬೆಂಗಳೂರಿನ ದಂಡಿಗೆ ಜೋಲಾರಪೇಟೆಯಿಂದ 1864ರಲ್ಲಿ ಬಂತು. ಕೈಗಾರಿಕೆಯೂ ಬಂತು. 1884ರಲ್ಲಿ ಶುರುವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಮಿಲ್ಲು ಮುಂದೆ ಬಿನ್ನಿ ಮಿಲ್ಲು ಎಂದೇ ಹೆಸರಾಯಿತು, ಅದರ ಸುತ್ತಲಿನ ಪ್ರದೇಶ ಬಿನ್ನಿಪೇಟೆಯಾಯಿತು. ಮಿನರ್ವ ಮಿಲ್ಲು, ರಾಜಾ ಮಿಲ್ಲು ಬಂದವು. 1949ರಲ್ಲಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರವೆಂಬ ಕೈಗಾರಿಕಾ ಉಪನಗರ ಹುಟ್ಟಿತು. ಹಳ್ಳಿ ಬಿಟ್ಟು ಬಂದ ಕೇರಿಯವರಿಗೆ ಸೈರನ್ನು, ಪಾಳಿ, ಹಾಜರಿ ಚೀಟಿ, ತಿಂಗಳ ಸಂಬಳ ಬಂತು. ಜೀತದಲ್ಲಿದ್ದವನಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಇದನ್ನು ಮರೆತು ಮಾತಾಡಬಾರದು.

ನನ್ನ ಅಪ್ಪ ಬೆಂಗಳೂರಿನ ಒಂದು ಬಟ್ಟೆ ಮಿಲ್ಲಿನಲ್ಲಿದ್ದವರು. ನಾನು ಅಧ್ಯಯನ ಕೂಟದಿಂದ ಬಂದು 'ಅಪ್ಪಾ, ಮಿಲ್ಲಲ್ಲಿ ಜಾತಿ ಇತ್ತಾ?' ಎಂದು ಕೇಳಿದ್ದೆ. ಅವರು ಬೀಡಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: 'ಮಿಷಿನ್ನಿಗೆ ಇರಲಿಲ್ಲ ಕಣಪ್ಪಾ. ಬುತ್ತಿ ಡಬ್ಬಿಗಿತ್ತು.' ಮಗ್ಗದ ಮುಂದೆ ಎಲ್ಲರ ಎದೆಗೂ ಒಂದೇ ಹತ್ತಿಯ ಧೂಳು. ಮುಷ್ಕರದಲ್ಲಿ ಒಂದೇ ಬಾವುಟ, ಒಂದೇ ಲಾಠಿ. ಊಟದ ಗಂಟೆ ಹೊಡೆದ ಮೇಲೆ ಡಬ್ಬಿಗಳು ಬೇರೆ ಬೇರೆ ಮರದ ಕೆಳಗೆ ಬಿಚ್ಚಿಕೊಳ್ಳುತ್ತಿದ್ದವು. ಕೆಲಸಕ್ಕೆ ಸೇರಿಸುತ್ತಿದ್ದ ಮೇಸ್ತ್ರಿ ತನ್ನ ಕಡೆಯವರನ್ನೇ ಕರೆತರುತ್ತಿದ್ದ. ಕಕ್ಕಸು ತೊಳೆಯುವ ಕೆಲಸಕ್ಕೆ ಮಾತ್ರ ಯಾವತ್ತೂ ಪೈಪೋಟಿ ಇರಲಿಲ್ಲ.

ಅಪ್ಪನ ಈ ಮಾತನ್ನು ಮುಂಬಯಿಯ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿನ ಹತ್ತಿ ಮಿಲ್ಲುಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಕಾರಣ, ಲಾಳಿಗೆ ನೂಲು ಸೇರಿಸುವಾಗ ಬಾಯಿಂದ ಎಳೆಯಬೇಕು, ಎಂಜಲಾಗುತ್ತದೆ. ಅಂದರೆ ಆಧುನಿಕ ಯಂತ್ರದೊಳಗೇ ಮೈಲಿಗೆ ತನ್ನ ಜಾಗ ಹುಡುಕಿಕೊಂಡಿತ್ತು. 1928ರ ದೊಡ್ಡ ಮುಷ್ಕರದ ಸಂದರ್ಭದಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನೆತ್ತಿದರು. ಕಾರ್ಮಿಕರ ಐಕ್ಯವನ್ನು ಒಡೆಯುವವರು ಯಾರು ಎಂಬುದಕ್ಕೆ ಅಲ್ಲಿ ಉತ್ತರವಿತ್ತು.

ಮಾರ್ಕ್ಸ್ ಭರವಸೆಯಿಟ್ಟಿದ್ದ ರೈಲಿನ ಕಥೆಯೂ ಅದೇ. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ಸೇರಿದ ರೈಲ್ವೆಯ ದಲಿತ ಕಾರ್ಮಿಕರ ಸಮಾವೇಶದಲ್ಲಿ ಅಂಬೇಡ್ಕರ್ ಮಾತಾಡಿದರು. ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿ ಸೇರಿದ ಅಸ್ಪೃಶ್ಯ ಗ್ಯಾಂಗ್‌ಮನ್ ಆಗಿಯೇ ಮುದುಕನಾಗುತ್ತಾನೆ, ಅವನು ಪೋರ್ಟರ್ ಕೂಡ ಆಗಲಾರ, ಯಾಕೆಂದರೆ ಪೋರ್ಟರ್ ಸ್ಟೇಷನ್ ಮಾಸ್ತರರ ಮನೆಯೊಳಗೂ ಕೆಲಸ ಮಾಡಬೇಕಾಗುತ್ತದೆ ಎಂದು ವಿವರಿಸಿದರು. ಈ ದೇಶದ ದುಡಿಯುವವರಿಗೆ ಎರಡು ಶತ್ರುಗಳು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ, ಎಂದು ಅವರು ಹೇಳಿದ್ದು ಅಲ್ಲಿಯೇ. ರೈಲಿನ ಹಳಿಯೇ ಸಾಕ್ಷಿಯಾಗಿ ನಿಂತು 1853ರ ಮಾತಿಗೆ 85 ವರ್ಷಗಳ ನಂತರ ಕೊಟ್ಟ ಉತ್ತರ ಇದು.

ಹಾಗಾದರೆ ಮಾರ್ಕ್ಸ್ ಎಡವಿದ್ದೆಲ್ಲಿ? ಜಾತಿಯನ್ನು ಅವನು ಶ್ರಮದ ವಿಭಜನೆ ಎಂದು ಮಾತ್ರ ನೋಡಿದ. ಜಾತಿ ಶ್ರಮವನ್ನಷ್ಟೇ ವಿಭಜಿಸುವುದಿಲ್ಲ, ಶ್ರಮಿಕರನ್ನೇ ವಿಭಜಿಸುತ್ತದೆ ಎಂಬುದು 1936ರ 'ಜಾತಿ ವಿನಾಶ'ದ ಅಂಬೇಡ್ಕರ್ ವಾದ. ಶ್ರಮದ ವಿಭಜನೆಯನ್ನು ಮಿಲ್ಲು ಬದಲಿಸಿತು. ಶ್ರಮಿಕರ ವಿಭಜನೆ ಮಿಲ್ಲಿನೊಳಗೆ ಬಂದು ಹೊಸ ವೇಷ ಹಾಕಿತು. ಬಂಡವಾಳಕ್ಕೆ ಅದರಿಂದ ಉಪಯೋಗವಿತ್ತು: ಅಗ್ಗದ ಕೂಲಿ, ಒಡೆದ ಸಂಘ. ಜಾತಿಗೂ ಬಂಡವಾಳದಿಂದ ಉಪಯೋಗವಿತ್ತು: ಹಳ್ಳಿಯ ಹೊರಗೂ ಬದುಕುವ ದಾರಿ. ಎರಡೂ ಒಂದನ್ನೊಂದು ಬದಲಿಸುತ್ತಾ ಬೆಳೆದವು. ಜಾತಿ ತನ್ನಷ್ಟಕ್ಕೆ ಕರಗುತ್ತದೆ ಎಂದು ನಂಬಿದ್ದು ಗತಿತರ್ಕ ತಪ್ಪಿದ ಮಾರ್ಕ್ಸ್. ಅವನ ತೀರ್ಪನ್ನು ಅವನ ಪದ್ಧತಿಯಿಂದಲೇ ತಿದ್ದಬೇಕಾಗಿದೆ.

4

ಈ ತಿದ್ದುಪಡಿ ಕರ್ನಾಟಕದಲ್ಲಿ ಪುಸ್ತಕದಿಂದ ಬರಲಿಲ್ಲ, ಬೀದಿಯಿಂದ ಬಂತು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಮೇಲೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಇವರೇ ಎಂಬುದನ್ನು ಇಲ್ಲಿ ನೆನೆಯಬೇಕು. ಆ ಬಿಸಿಯಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ದಲಿಂಗಯ್ಯ ಮೊದಲಾದವರ ಆ ಚಳುವಳಿಯೊಳಗೆ ಅಂಬೇಡ್ಕರ್, ಲೋಹಿಯಾ, ಮಾರ್ಕ್ಸ್ ಮೂವರೂ ಒಟ್ಟಿಗೆ ಕೂತಿದ್ದರು, ಜಗಳವನ್ನೂ ಆಡುತ್ತಿದ್ದರು. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ನಡೆದಾಗ ಎಡಪಂಥದವರೂ ದಲಿತ ಲೇಖಕರೂ ಒಂದೇ ವೇದಿಕೆಯಲ್ಲಿದ್ದರು.

ಆ ಕಾಲದ ದೊಡ್ಡ ವಾಗ್ವಾದ: ಮುಖ್ಯ ವೈರುಧ್ಯ ಯಾವುದು, ವರ್ಗವೋ ಜಾತಿಯೋ? ಮಾವೋ 1937ರಲ್ಲಿ ವೈರುಧ್ಯದ ಬಗ್ಗೆ ಬರೆದ ಪ್ರಬಂಧದಿಂದ ಬಂದ ಭಾಷೆ ಇದು. ಒಂದು ಸನ್ನಿವೇಶದಲ್ಲಿ ಮುಖ್ಯವಾದದ್ದು ಇನ್ನೊಂದರಲ್ಲಿ ಮುಖ್ಯವಲ್ಲದೆ ಹೋಗಬಹುದು ಎಂಬುದೇ ಆ ಪ್ರಬಂಧದ ಜೀವ. ನಮ್ಮಲ್ಲಿ ಅದನ್ನು ತಲೆಯೆಣಿಕೆಯ ಪೈಪೋಟಿ ಮಾಡಿಕೊಂಡೆವು. ಮಿಲ್ಲಿನ ಗೇಟಿನಲ್ಲಿ ವರ್ಗ ಮುಂದೆ ಬರುತ್ತದೆ, ಬುತ್ತಿ ಬಿಚ್ಚುವಾಗ ಜಾತಿ ಮುಂದೆ ಬರುತ್ತದೆ. ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ಎರಡನ್ನೂ ದಾಟುತ್ತಾನೆ. ಇದನ್ನು ಬಿಡಿಸಿ ಇಂತಿಷ್ಟು ವರ್ಗ ಇಂತಿಷ್ಟು ಜಾತಿ ಎಂದು ತೂಗಲು ಆಗುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ವರ್ಗದ ವೈರುಧ್ಯದಲ್ಲಿ ಎರಡು ತುದಿಗಳು ಎದುರುಬದುರು ನಿಲ್ಲುತ್ತವೆ, ನಡುವಿನವರು ಕ್ರಮೇಣ ಯಾವುದೋ ಒಂದು ಕಡೆ ಸರಿಯುತ್ತಾರೆ ಎಂಬುದು ಮಾರ್ಕ್ಸ್‌ವಾದದ ನಿರೀಕ್ಷೆ. ಜಾತಿ ಹಾಗಲ್ಲ. ಅಂಬೇಡ್ಕರ್ ಅದನ್ನು ಶ್ರೇಣೀಕೃತ ಅಸಮಾನತೆ ಎಂದರು. ಏಣಿಯ ಪ್ರತಿ ಮೆಟ್ಟಿಲಿನವನಿಗೂ ಮೇಲಿನವನ ಕಾಲು ತಲೆಯ ಮೇಲೆ, ತನ್ನ ಕಾಲು ಕೆಳಗಿನವನ ತಲೆಯ ಮೇಲೆ. ಹಾಗಾಗಿ ಮೇಲಿನವನ ಮೇಲಿನ ಸಿಟ್ಟು ದಂಗೆಯಾಗದೆ ಕೆಳಗಿನವನ ಮೇಲೆ ಇಳಿದುಬಿಡುತ್ತದೆ. ಏಣಿ ಕೇರಿಯೊಳಗೂ ಇದೆ. ಬಲಗೈ ಎಡಗೈಗಳ ನಡುವಿನ ನೋವನ್ನು ನಾವು ಬಹಳ ದಿನ 'ಒಗ್ಗಟ್ಟಿನ' ಹೆಸರಿನಲ್ಲಿ ಮುಚ್ಚಿಟ್ಟೆವು. 'ಮೊದಲು ಕ್ರಾಂತಿ, ಆಮೇಲೆ ಜಾತಿ' ಎಂದ ಸಂಗಾತಿಗೂ, 'ಮೊದಲು ದಲಿತ ಐಕ್ಯ, ಆಮೇಲೆ ಒಳಮೀಸಲಾತಿ' ಎಂದ ನಮಗೂ ಏನು ವ್ಯತ್ಯಾಸ? 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಬಹುದು ಎಂದು ತೀರ್ಪು ಕೊಡುವ ಹೊತ್ತಿಗೆ ಮಾದಿಗರ ಹೋರಾಟಕ್ಕೆ ದಶಕಗಳೇ ಆಗಿದ್ದವು. ವೈರುಧ್ಯವನ್ನು ಹೆಸರಿಟ್ಟು ಕರೆಯದ ಐಕ್ಯ ಐಕ್ಯವಲ್ಲ. ಗತಿತರ್ಕ ನಮಗೂ ಕಹಿ ಔಷಧಿಯೇ.

5

ನಿರಾಕರಣೆಯ ನಿರಾಕರಣೆ ಎಂಬ ಮೂರನೆಯ ನಿಯಮಕ್ಕೆ ಹೆಗೆಲ್ ಬಳಸುವ ಜರ್ಮನ್ ಕ್ರಿಯಾಪದಕ್ಕೆ ಮೂರು ಅರ್ಥ: ರದ್ದು ಮಾಡು, ಉಳಿಸು, ಎತ್ತು. ಇಂಗ್ಲಿಷಿನವರು ಇದಕ್ಕೆ ಪದ ಹುಡುಕಿ ಸುಸ್ತಾದರು. ನಮ್ಮಲ್ಲಿ 'ತೆಗೆ' ಇದೆ. ತೆಗೆದುಹಾಕು ಎಂದರೆ ಇಲ್ಲವಾಗಿಸು, ತೆಗೆದಿಡು ಎಂದರೆ ಕಾಪಾಡು, ಗುಂಡಿಯಿಂದ ಮೇಲಕ್ಕೆ ತೆಗೆ ಎಂದರೆ ಎತ್ತು. ಚರಿತ್ರೆ ಹಳೆಯದನ್ನು ಹೀಗೆ ಮೂರೂ ಅರ್ಥದಲ್ಲಿ 'ತೆಗೆಯುತ್ತದೆ'. ಯಾವುದನ್ನು ತೆಗೆದುಹಾಕಿತು, ಯಾವುದನ್ನು ತೆಗೆದಿಟ್ಟಿತು ಎಂದು ಕೇಳುವುದೇ ನಮ್ಮ ಕೆಲಸ.

ಮಿಲ್ಲು ಹಳ್ಳಿಯನ್ನು ನಿರಾಕರಿಸಿತು. ಈಗ ಮಿಲ್ಲನ್ನೂ ನಿರಾಕರಿಸಿಯಾಗಿದೆ. ರಾಜಾ ಮಿಲ್ಲಿದ್ದ ಕಡೆ 2010ರಲ್ಲಿ ಮಾಲ್ ಬಂತು. ಕಿರ್ಲೋಸ್ಕರ್ ಕಾರ್ಖಾನೆಯ ನೆಲದಲ್ಲಿ ಬಂದ ಗೋಪುರಗಳ ನಡುವೆ 2012ರಲ್ಲಿ ಇನ್ನೊಂದು ಮಾಲ್ ಬಂತು. ಬಿನ್ನಿ ಮಿಲ್ಲಿನ ಜಾಗದಲ್ಲೂ ವಸತಿ ಗೋಪುರ ಮತ್ತು ಮಾಲ್. ಈ ನಿರಾಕರಣೆ ಏನನ್ನು ತೆಗೆದುಹಾಕಿತು? ಕಾಯಂ ನೌಕರಿಯನ್ನು, ಸಂಘವನ್ನು, ಗೇಟಿನ ಮುಂದಿನ ಬಾವುಟವನ್ನು. ಏನನ್ನು ತೆಗೆದಿಟ್ಟಿತು? ಮೇಸ್ತ್ರಿಯನ್ನು. ಅವನೀಗ ಗುತ್ತಿಗೆದಾರ. ಹೊಳೆಯುವ ನೆಲವನ್ನು ಒರೆಸುವ ಹೆಂಗಸಿನ ಜಾತಿಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಮೆಟ್ರೋ 2021ರಲ್ಲಿ ಕೆಂಗೇರಿಯವರೆಗೆ ಬಂತು. 1853ರ ಮಾತು ಮತ್ತೆ ನೆನಪಾಗುತ್ತದೆ. ಮಾಗಡಿ ರಸ್ತೆಯಿಂದ ವಿಜಯನಗರಕ್ಕೆ ಪಕ್ಕದಲ್ಲಿ ಕೂತವರ ಜಾತಿ ಯಾರಿಗೂ ಬೇಡ. ಇಳಿದು ಬಾಡಿಗೆ ಮನೆ ಕೇಳಿ ನೋಡಿ. 'ವೆಜ್ಜಾ ನಾನ್‌ವೆಜ್ಜಾ?' ಎಂದು ಶುರುವಾಗಿ 'ಯಾವ ಕಡೆಯವರು?' ಎಂದು ಮುಗಿಯುತ್ತದೆ. ಬಸವಣ್ಣನ ಹೆಸರಿಟ್ಟುಕೊಂಡ ಬಸವೇಶ್ವರನಗರದಲ್ಲೂ ನನಗೆ ಇದೇ ಪ್ರಶ್ನೆ ಎದುರಾಯಿತು. ರೈಲು ಜಾತಿಯನ್ನು ಕರಗಿಸಲಿಲ್ಲ, ಸ್ಟೇಷನ್ನಿನ ಹೊರಗೆ ಕಾಯಲು ನಿಲ್ಲಿಸಿತು.

ಆದರೆ ಚರಿತ್ರೆ ಇಲ್ಲಿಗೆ ನಿಂತಿಲ್ಲ. ಬೆಂಗಳೂರಿನ ಪೌರಕಾರ್ಮಿಕರು, ಬಹುಪಾಲು ದಲಿತ ಹೆಂಗಸರು, ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಗುತ್ತಿಗೆದಾರನನ್ನು ನಡುವಿನಿಂದ ತೆಗೆಸಿ ನೇರ ಪಾವತಿ ಪಡೆದರು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕೂತರು, ಕಾಯಂ ಮಾಡಿ ಎಂದರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನಕ್ಕೆ ನೇಮಕಾತಿ ಪತ್ರ ಸಿಕ್ಕಿತು. ಇದು ವರ್ಗ ಹೋರಾಟವೋ ಜಾತಿ ಹೋರಾಟವೋ ಎಂದು ಅವರನ್ನು ಕೇಳಲು ಯಾವ ಪಂಡಿತನಿಗೂ ಬಾಯಿ ಬರಲಾರದು. ಸಂಬಳದ ಬೇಡಿಕೆಯೂ ಮರ್ಯಾದೆಯ ಬೇಡಿಕೆಯೂ ಒಂದೇ ಕೂಗಿನಲ್ಲಿತ್ತು.

ಗೆಲುವಿನೊಳಗೂ ಒಂದು ವೈರುಧ್ಯ ಉಳಿದಿದೆ. ಕೆಲಸ ಕಾಯಂ ಆಯಿತು. ಪೊರಕೆ ಆ ಜಾತಿಗಳ ಕೈಯಲ್ಲೇ ಕಾಯಂ ಆಗಿಬಿಡುತ್ತದೆಯೋ? ಆ ತಾಯಂದಿರು ಹೋರಾಡಿದ್ದು ತಮ್ಮ ಮಕ್ಕಳು ಇದೇ ಪೊರಕೆ ಹಿಡಿಯಬಾರದು ಎಂದು. ಕೆಲಸವೂ ಬೇಕು, ಈ ಕೆಲಸ ನಮ್ಮದೇ ಎಂಬ ಹಣೆಬರಹವೂ ಅಳಿಯಬೇಕು.

6

ಅಂಬೇಡ್ಕರ್ ತೀರಿಕೊಂಡದ್ದು 1956ರ ಡಿಸೆಂಬರ್ 6ರಂದು. ಅದಕ್ಕೆ ಎರಡು ವಾರ ಮುಂಚೆ ಕಠ್ಮಂಡುವಿನಲ್ಲಿ ಬುದ್ಧ ಮತ್ತು ಮಾರ್ಕ್ಸ್ ಬಗ್ಗೆ ಮಾತಾಡಿದ್ದರು. ಅದೇ ವಿಷಯದ ಬರಹದಲ್ಲಿ ಮಾರ್ಕ್ಸ್‌ವಾದದ ಹಲವು ಅಂಶಗಳು ಬಿದ್ದುಹೋದವು ಎಂದರೂ, ಜಗತ್ತನ್ನು ಮರುರೂಪಿಸುವುದು ತತ್ವಶಾಸ್ತ್ರದ ಕೆಲಸ ಎಂಬುದನ್ನೂ, ಖಾಸಗಿ ಆಸ್ತಿ ಒಂದು ವರ್ಗಕ್ಕೆ ಅಧಿಕಾರವನ್ನು ಇನ್ನೊಂದಕ್ಕೆ ದುಃಖವನ್ನು ತರುತ್ತದೆ ಎಂಬುದನ್ನೂ ಅವರು ಉಳಿಸಿಕೊಂಡರು. ಹಿಂಸೆಯನ್ನೂ ಸರ್ವಾಧಿಕಾರವನ್ನೂ ಬಿಟ್ಟರು. ತೆಗೆದುಹಾಕಿದರು, ತೆಗೆದಿಟ್ಟರು. ಯಾವುದೂ ನಿತ್ಯವಲ್ಲ, ಎಲ್ಲವೂ ಒಂದರ ಆಸರೆಯಿಂದ ಇನ್ನೊಂದು ಹುಟ್ಟುತ್ತದೆ ಎಂಬ ಬುದ್ಧನ ನೆಲೆಯಲ್ಲಿ ನಿಂತು ನೋಡಿದರೆ ಜಾತಿಯೂ ಹುಟ್ಟಿದ್ದೇ, ಹಾಗಾಗಿ ಸಾಯತಕ್ಕದ್ದೇ. ಆದರೆ ತಾನಾಗಿ ಸಾಯುವುದಿಲ್ಲ.

ಆ ಭಾನುವಾರ ಎದ್ದುಹೋದ ಹುಡುಗ ಎಲ್ಲಿದ್ದಾನೋ ಗೊತ್ತಿಲ್ಲ. ಈ ಪತ್ರಿಕೆ ಅವನ ಕೈಗೆ ಸಿಕ್ಕರೆ ಒಂದು ಮಾತು: ತಮ್ಮಾ, ನಿನ್ನ ಪ್ರಶ್ನೆಗೆ ನಾವು ನಗಬಾರದಿತ್ತು. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂಬುದು ವಿಜ್ಞಾನ. ಆ ನೀರು ಯಾರ ಬಾವಿಯದು ಎಂದು ಕೇಳುವುದು ಗತಿತರ್ಕ. ಚರ್ಚೆಯನ್ನು ನಾವು ಅಲ್ಲಿಂದ ಮತ್ತೆ ಶುರು ಮಾಡಬೇಕಾಗಿದೆ.